ಬೆಟ್ಟಕ್ಕೆ ಹೊರಟ ಗಾಲಿ

1976ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದ ತಲೆಗೆ ಒಂದಷ್ಟು ಉತ್ಸಾಹಿಗಳು ಹಳೇ ಸೈಕಲ್‌ಗಳನ್ನು ಸಾಗಿಸಿ, ಪಂದ್ಯ ಕಟ್ಟಿ ಇಳಿದರು. ಸುಮಾರು ಎರಡು ಮೈಲಿಯ ಕಚ್ಚಾ ಹಾದಿ, 1300 ಅಡಿ ಇಳಿಜಾರು. ಬ್ರೇಕು ಹಿಂದಿನ ಗಾಲಿಯ ನಡುವಿನ ಹಬ್‌ನೊಳಗೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಬುಡ ಮುಟ್ಟುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು. ಪಂದ್ಯಕ್ಕೆ ‘ರಿಪ್ಯಾಕ್’ ಎಂದು ಹೆಸರು ಬಿದ್ದದ್ದೇ ಅದರಿಂದ.

ಮೌಂಟನ್ ಬೈಕಿನ ಚರಿತ್ರೆ ಹೀಗೆ ಹಬ್‌ನ ಗೋಳಿನಿಂದ ಶುರುವಾದರೂ, ಇವತ್ತು ಗಾಲಿ ಕಟ್ಟಿಸಲು ಹೊರಟವರ ಕಣ್ಣು ಮೊದಲು ಹೋಗುವುದು ರಿಮ್‌ನ ಮೇಲೆ. ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಯಲ್ಲೇ ಅರ್ಧ ಬಜೆಟ್ ಕರಗುತ್ತದೆ. ಆದರೆ ಬಂಡೆಗೆ ಬಡಿದು ಡೊಂಕಾಗುವುದು, ಬದಲಾಗುವುದು ರಿಮ್ಮೇ. ಒಳ್ಳೆಯ ಹಬ್ ಮೂರು ನಾಲ್ಕು ರಿಮ್‌ಗಳನ್ನು ಕಂಡೀತು.

ಈ ಹಬ್ಬಿಗೂ ರಿಮ್ಮಿಗೂ ನಂಟು ಕಟ್ಟುವುದು ಕಡ್ಡಿ. ಎತ್ತಿನ ಗಾಡಿಯಲ್ಲಿ ಗುಂಬದ, ಅಂದರೆ ಹಬ್‌ನ, ಭಾರವನ್ನು ಕೆಳಗಿನ ಅರಗಳು ಕಂಬದಂತೆ ನಿಂತು ಹೊರುತ್ತವೆ. ಸೈಕಲ್ಲಿನ ಕಡ್ಡಿಗೆ ಆ ತಾಕತ್ತಿಲ್ಲ, ಒತ್ತಿದರೆ ಬಾಗುತ್ತದೆ. ಅದಕ್ಕೆ ಗೊತ್ತಿರುವುದು ಎಳೆಯುವುದೊಂದೇ. ಅದಕ್ಕೇ ಒಂದೊಂದು ಕಡ್ಡಿಯನ್ನೂ, ನೂರು ಕೆ.ಜಿ. ತೂಕ ತೂಗುಹಾಕಿದರೆ ಬೀಳುವಷ್ಟು ಬಿಗಿಯಲ್ಲಿ ಕಟ್ಟುತ್ತಾರೆ. ನೆಲದ ಬಳಿಗೆ ಬಂದಾಗ ಕಡ್ಡಿ ತುಸು ಸಡಿಲ, ಮೇಲೇರಿದಾಗ ಮತ್ತೆ ಬಿಗಿ. ಸುತ್ತಿಗೊಮ್ಮೆ ನಡೆಯುವ ಈ ಎಳೆದಾಟಕ್ಕೆ ಲೋಹ ದಣಿಯುತ್ತದೆ. ಕಡ್ಡಿ ಹೆಚ್ಚಾಗಿ ಮುರಿಯುವುದು ಹಬ್‌ನ ತೂತಿನಲ್ಲಿ ಕೂತ ಮಣಿಕಟ್ಟಿನಲ್ಲಿ.

ಹಾಗಾದರೆ ದಪ್ಪ ಕಡ್ಡಿ ಹಾಕಿದರಾಯಿತಲ್ಲ? ಇಲ್ಲೇ ಎಡವುವುದು. ತುದಿಗಳಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ಇರುವ ಕಡ್ಡಿಯೇ ಹೆಚ್ಚು ಬಾಳುತ್ತದೆ. ಸಣ್ಣ ನಡು ಹಿಗ್ಗಿ ಕುಗ್ಗಿ ಹೊಡೆತ ನುಂಗುವುದರಿಂದ ಮಣಿಕಟ್ಟಿಗೆ ಪೆಟ್ಟು ಕಡಿಮೆ. ಗಾಲಿಯ ಈ ಮರ್ಮವನ್ನು ಲೆಕ್ಕ ಸಮೇತ ವಿವರಿಸಿ 1981ರಲ್ಲಿ ‘ದಿ ಬೈಸಿಕಲ್ ವೀಲ್’ ಬರೆದ ಜಾಬ್‌ಸ್ಟ್ ಬ್ರ್ಯಾಂಟ್ ವೃತ್ತಿಯಿಂದ ಎಂಜಿನಿಯರ್.

ನಮ್ಮ ಊರುಗಳ ಹಳೇ ಕರಿ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ. ಮೂಟೆ ಹೇರುವುದು ಹಿಂದೆಯಲ್ಲವೇ! ಮೌಂಟನ್ ಬೈಕಿಗೆ ಎರಡಕ್ಕೂ 32 ಸಾಕು; ಹಗುರ ಸವಾರರು 28ಕ್ಕೂ ಇಳಿಯಬಹುದು. ಡಿಸ್ಕ್ ಬ್ರೇಕು ಹಬ್ಬನ್ನೇ ತಿರುಚಿ ಹಿಡಿಯುವುದರಿಂದ ಕಡ್ಡಿಗಳನ್ನು ನೇರ ನಿಲ್ಲಿಸದೆ ಒಂದರ ಮೇಲೊಂದು ಹಾಯಿಸಿ ಹೆಣೆಯಬೇಕು. ಮೂರು ಹಾಯ್ವೆಯ ಹೆಣಿಗೆ ಬಹುಕಾಲದ ರೂಢಿ.

ಹಬ್ ಕೊಳ್ಳುವ ಮುನ್ನ ಫ್ರೇಮಿನ ಹಿಂಬದಿಯ ಸಂದು ಅಳೆಯಲೇಬೇಕು. ಹಿಂದೆ 142 ಮಿ.ಮೀ. ಇದ್ದದ್ದು ‘ಬೂಸ್ಟ್’ ಎಂಬ ಹೊಸ ಅಳತೆ ಬಂದಮೇಲೆ 148 ಆಯಿತು. ಆರು ಮಿ.ಮೀ. ಎಂದರೆ ಜುಜುಬಿ ಅನ್ನಿಸೀತು. ಆದರೆ ಕಡ್ಡಿಗಳ ಬುಡ ಎರಡೂ ಬದಿಗೆ ಅಗಲವಾದಷ್ಟೂ ಗಾಲಿ ಪಕ್ಕಕ್ಕೆ ವಾಲುವುದು ಕಡಿಮೆ. ಇನ್ನು ಹಬ್‌ನ ಒಳಗಿನ ರ‍್ಯಾಚೆಟ್ಟಿಗೆ 36 ಹಲ್ಲಿದ್ದರೆ ಪೆಡಲಿನ ಒತ್ತು ಕಚ್ಚುವ ಮುನ್ನ 10 ಡಿಗ್ರಿವರೆಗೆ ಪೊಳ್ಳು ತಿರುಗಬಹುದು, 54 ಇದ್ದರೆ ಏಳು ಡಿಗ್ರಿಗೂ ಕಡಿಮೆ. ಬೇರು, ಕಲ್ಲುಗಳ ಏರಿನಲ್ಲಿ ಅರ್ಧರ್ಧ ತುಳಿಯುವವರಿಗೆ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ.

ರಿಮ್‌ನ ಒಳ ಅಗಲ 30 ಮಿ.ಮೀ. ಇದ್ದರೆ 2.4 ಇಂಚಿನ ಟೈರು ಸರಿಯಾಗಿ ಕೂರುತ್ತದೆ. ಅಷ್ಟು ಸಾಕು.

ಇನ್ನು ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್. ಹಿತ್ತಾಳೆಯ ಬದಲು ಅಲ್ಯೂಮಿನಿಯಮ್ ಹಾಕಿದರೆ 64 ಕಡ್ಡಿಗೆ ಸುಮಾರು 40 ಗ್ರಾಂ ಉಳಿತಾಯ. ಆದರೆ ಉಪ್ಪು ಗಾಳಿಯ ಊರಲ್ಲಿ, ಅದರಲ್ಲೂ ಕಾರ್ಬನ್ ರಿಮ್‌ನ ಸಹವಾಸದಲ್ಲಿ, ಅಲ್ಯೂಮಿನಿಯಮ್ ಬೇಗ ಸವೆಯುತ್ತದೆ. ಮಂಗಳೂರಿನವರು ಆ 40 ಗ್ರಾಮನ್ನು ನೀರಿನ ಬಾಟಲಿಯಲ್ಲಿ ಉಳಿಸಿಕೊಳ್ಳಲಿ.

ಕಟ್ಟಿದ ಗಾಲಿ ಮೊದಲ ಸವಾರಿಯಲ್ಲಿ ಟಿಣ್ ಟಿಣ್ ಎಂದರೆ ಗಾಬರಿ ಬೇಡ. ಬಿಗಿಯುವಾಗ ತಿರುಚಿಕೊಂಡ ಕಡ್ಡಿಗಳು ಬಿಚ್ಚಿಕೊಳ್ಳುವ ಸದ್ದದು. ಹತ್ತಾರು ಕಿ.ಮೀ. ಓಡಿಸಿ ಮರಳಿ ಒಯ್ದರೆ, ಮೇಸ್ತ್ರಿ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ಸದ್ದು ಆಲಿಸಿ, ಗಾಲಿಯ ಓಲಾಟ, ಅಂದರೆ ‘ಔಟ್’, ತೆಗೆದುಕೊಡುತ್ತಾನೆ.