ಮಾತನಾಡಲು ಏಳುವ ಮುನ್ನ

“ಎರಡೇ ಮಾತುಗಳನ್ನಾಡಿ ಕುಳಿತುಬಿಡುತ್ತೇನೆ” ಎಂದು ಎದ್ದುನಿಂತ ಮಹನೀಯರು ಮುಕ್ಕಾಲು ಗಂಟೆಯಾದರೂ ಕುಳಿತುಕೊಳ್ಳದಿರುವುದನ್ನು ವಾಚಕರೆಲ್ಲರೂ ಕಂಡಿರಬಹುದು. ಶಾಲೆಯ ವಾರ್ಷಿಕೋತ್ಸವವಾಗಲಿ, ಸಂಘದ ಸಭೆಯಾಗಲಿ, ಮಾತನಾಡಬೇಕೆಂಬ ಕರೆಯು ಇಂದಲ್ಲ ನಾಳೆ ಗೃಹಸ್ಥನಿಗೂ ಗೃಹಿಣಿಗೂ ಬರತಕ್ಕದ್ದೇ. ಆಗ ಕೆಲವರು, ವಾಕ್ಚಾತುರ್ಯವು ಹುಟ್ಟಿನಿಂದಲೇ ಬರುವ ಗುಣವೆಂದೂ ಅದು ತಮಗಿಲ್ಲವೆಂದೂ ಕೈಚೆಲ್ಲುತ್ತಾರೆ. ಮತ್ತೆ ಕೆಲವರು ಅದು ತಮಗೆ ಧಾರಾಳವಾಗಿದೆಯೆಂದು ನಂಬಿ ಯಾವ ಸಿದ್ಧತೆಯೂ ಇಲ್ಲದೆ ಹೊರಡುತ್ತಾರೆ. ಸಭಿಕರಿಗೆ ಹೆಚ್ಚು ಕಷ್ಟವನ್ನು ಕೊಡುವವರು ಈ ಎರಡನೆಯ ವರ್ಗದವರೆಂದು ನನ್ನ ಅಭಿಪ್ರಾಯ. ಈ ಇಬ್ಬರಿಗೂ ಉಪಯೋಗಕ್ಕೆ ಬರುವಂಥದು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯ ಚರಿತ್ರೆ.

ವಿದ್ಯುಚ್ಛಕ್ತಿಯ ವಿಷಯದಲ್ಲಿ ಫ್ಯಾರಡೆಯು ನಡೆಸಿದ ಸಂಶೋಧನೆಗಳು ಲೋಕವಿಖ್ಯಾತವಾದುವು. ಆತನು ಶ್ರೇಷ್ಠ ಉಪನ್ಯಾಸಕನೂ ಆಗಿದ್ದನೆಂಬುದನ್ನು ನಮ್ಮಲ್ಲಿ ಅಷ್ಟಾಗಿ ಹೇಳುವುದಿಲ್ಲ. 1791ರಲ್ಲಿ ಬಡ ಕಮ್ಮಾರನ ಮಗನಾಗಿ ಹುಟ್ಟಿದ ಆತನು ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿದನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ದಯಪಾಲಿಸಿದ ಚೀಟಿಗಳಿಂದ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯ ಒದಗಿತು. ಕೇಳಿದ್ದನ್ನೆಲ್ಲ ಬರೆದು, ತಾನೇ ರಟ್ಟು ಕಟ್ಟಿ, ಆ ಗ್ರಂಥವನ್ನು ಡೇವಿಗೆ ಕಳುಹಿಸಿದನು. ಮರುವರ್ಷ ಅದೇ ಸಂಸ್ಥೆಯಲ್ಲಿ ಸಹಾಯಕನ ಕೆಲಸ ದೊರೆಯಿತು.

ಅಲ್ಲಿ ಆತನು ಉಪನ್ಯಾಸಗಳನ್ನು ಕೇಳಿದ್ದು ಮಾತ್ರವಲ್ಲ, ಉಪನ್ಯಾಸಕರನ್ನು ನೋಡಿದನು. 1813ರ ಜೂನ್ ತಿಂಗಳಲ್ಲಿ ಸ್ನೇಹಿತ ಬೆಂಜಮಿನ್ ಆ್ಯಬಟ್ಟನಿಗೆ ಬರೆದ ಕಾಗದಗಳಲ್ಲಿ ಈ ಅವಲೋಕನದ ಫಲವೆಲ್ಲ ಇದೆ. ಸಭಾಮಂದಿರದಲ್ಲಿ ಗಾಳಿಯಾಡಬೇಕು; ಮೇಜಿನ ಮೇಲಿನ ಉಪಕರಣಗಳು ಯಾರ ನೋಟಕ್ಕೂ ಅಡ್ಡವಾಗಕೂಡದು; ಮಾತು ಅವಸರದ್ದಾಗಬಾರದು; ಉಪನ್ಯಾಸಕನು ಮೇಜಿಗೆ ಅಂಟಿಸಿದಂತೆಯೋ ನೆಲಕ್ಕೆ ಮೊಳೆ ಹೊಡೆದಂತೆಯೋ ನಿಲ್ಲಬಾರದು; ಕ್ಷಮಾಪಣೆಗಳನ್ನು ಆದಷ್ಟು ಕಡಮೆ ಮಾಡಬೇಕು; ಚಪ್ಪಾಳೆಗಾಗಿ ಗಾಳ ಹಾಕುವುದು ಹೀನವಾದುದು; ಒಂದು ಗಂಟೆಗೆ ಮೀರಿ ಯಾರನ್ನೂ ಕೂರಿಸಬಾರದು. ಇವನ್ನು ಬರೆದಾಗ ಆತನಿಗೆ ಇಪ್ಪತ್ತೊಂದು ವರ್ಷ. ತಾನೇ ಉಪನ್ಯಾಸಗಳನ್ನು ಕೊಡಲು ತೊಡಗಿದ್ದು ಮೂರು ವರ್ಷಗಳ ಮೇಲೆ, 1816ರಲ್ಲಿ.

ಬಲ್ಲವನೆಂದ ಮಾತ್ರಕ್ಕೆ ಆತನು ಸುಮ್ಮನಾಗಲಿಲ್ಲ. ಬೆಂಜಮಿನ್ ಸ್ಮಾರ್ಟ್ ಎಂಬ ಉಚ್ಚಾರಣಶಿಕ್ಷಕನಲ್ಲಿ ಹಣ ತೆತ್ತು ಪಾಠ ಹೇಳಿಸಿಕೊಂಡನು. ಮ್ಯಾಗ್ರಾತನೆಂಬ ಸ್ನೇಹಿತನು ಬೆಳಗಿನ ಉಪನ್ಯಾಸಗಳಿಗೆ ತಪ್ಪದೆ ಬಂದು, ಮಾತಿನ ಶೈಲಿಯಲ್ಲಿಯೂ ಉಚ್ಚಾರಣೆಯಲ್ಲಿಯೂ ಕಂಡ ದೋಷಗಳನ್ನು ಪಟ್ಟಿಮಾಡಿ ಕೊಡುತ್ತಿದ್ದನು; ಫ್ಯಾರಡೆಯು ಅದನ್ನು ವಂದನಾಪೂರ್ವಕವಾಗಿ ಸ್ವೀಕರಿಸುತ್ತಿದ್ದನು, ಆದರೆ ಎಲ್ಲವನ್ನೂ ಪಾಲಿಸುತ್ತಿರಲಿಲ್ಲ. ಮೊದಮೊದಲು ‘ನಿಧಾನ’ ಎಂದು ದಪ್ಪಕ್ಷರಗಳಲ್ಲಿ ಬರೆದ ಒಂದು ಚೀಟಿಯು ಆತನ ಕಣ್ಣೆದುರಿನಲ್ಲಿಯೇ ಇರುತ್ತಿತ್ತು. ಮಾತಿನ ರಭಸದಲ್ಲಿ ಅದನ್ನು ಮರೆತರೆ ಸಹಾಯಕನಾದ ಆ್ಯಂಡರ್‌ಸನ್ನನು ಅದನ್ನೆತ್ತಿ ಮುಂದಿಡಬೇಕೆಂದು ಕಟ್ಟಪ್ಪಣೆ. ಗಂಟೆ ಮುಗಿಯುತ್ತ ಬಂದಾಗ ‘ಹೊತ್ತು’ ಎಂಬ ಇನ್ನೊಂದು ಚೀಟಿ ಬರುವುದೂ ಉಂಟು. ನಮ್ಮ ಮನೆಗಳಲ್ಲಿ ಮ್ಯಾಗ್ರಾತನ ಕೆಲಸಕ್ಕೆ ಮಕ್ಕಳಿಗಿಂತ ಯೋಗ್ಯರಿಲ್ಲ, ಅವರು ದಾಕ್ಷಿಣ್ಯವನ್ನರಿಯರು. ಹಿಂದಿನ ದಿನ ಸಂಜೆ ಗಡಿಯಾರವನ್ನು ಮುಂದಿಟ್ಟುಕೊಂಡು ಅವರೆದುರಿಗೆ ಒಮ್ಮೆ ಗಟ್ಟಿಯಾಗಿ ಮಾತನಾಡಿ ನೋಡಿದರೆ, ಅವರು ಆಕಳಿಸುವ ಸ್ಥಳವೇ ಕತ್ತರಿಸಬೇಕಾದ ಸ್ಥಳವೆಂದು ತಿಳಿಯಬಹುದು.

ಫ್ಯಾರಡೆಯು ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಹತ್ತೊಂಬತ್ತು ಉಪನ್ಯಾಸಮಾಲೆಗಳನ್ನು ನಡೆಸಿದನು. ಅವುಗಳಲ್ಲಿ ಬಹು ಪ್ರಸಿದ್ಧವಾದುದು ಮೇಣದಬತ್ತಿಯನ್ನು ಕುರಿತದ್ದು. 1860–61ರ ಚಳಿಗಾಲದಲ್ಲಿ ಆರು ಉಪನ್ಯಾಸಗಳಾಗಿ ನಡೆದು ಬಳಿಕ ಪುಸ್ತಕವಾಯಿತು. ಶ್ರೋತೃಗಳ ಮನೆಯಲ್ಲಿ ಪ್ರತಿ ರಾತ್ರಿಯೂ ಉರಿಯುತ್ತಿದ್ದ ವಸ್ತುವನ್ನೇ ಕೈಗೆತ್ತಿಕೊಂಡು ಮಾತನ್ನಾರಂಭಿಸಿದನು. ಜ್ವಾಲೆಯ ಕೆಳಗೆ ಮೇಣವು ಬಟ್ಟಲಿನಂತೆ ಗುಳಿಬೀಳುವುದೇಕೆ? ಮೇಲಕ್ಕೇರುವ ಗಾಳಿಯು ಸುತ್ತಲಿನ ಅಂಚನ್ನು ತಂಪಾಗಿರಿಸುವುದರಿಂದ. ಕರಗಿದ ಮೇಣವು ಬತ್ತಿಯನ್ನೇರುವ ಬಗೆಗೆ, ನೀರಿನ ಬೋಗುಣಿಯ ಅಂಚಿನಲ್ಲಿ ಬಿಟ್ಟ ಕೈವಸ್ತ್ರವು ನೀರನ್ನು ಹೀರಿ ಹೊರಕ್ಕೆ ತೊಟ್ಟಿಕ್ಕಿಸುವ ದೃಷ್ಟಾಂತವನ್ನು ಕೊಟ್ಟನು. ಬತ್ತಿಯನ್ನು ಮೆಲ್ಲನೆ ಆರಿಸಿ, ಏಳುವ ಹೊಗೆಗೆ ಎರಡು ಮೂರು ಅಂಗುಲ ದೂರದಲ್ಲಿ ಬೆಂಕಿಯನ್ನು ಹಿಡಿದರೆ ಉರಿಯು ಹೊಗೆಯ ದಾರಿಯಲ್ಲಿ ಓಡಿಹೋಗಿ ಬತ್ತಿಯನ್ನು ಮುಟ್ಟುತ್ತದೆ. ಇದನ್ನು ನಾವೂ ಮನೆಯಲ್ಲಿ ಮಾಡಿನೋಡಬಹುದು. ಗಾಳಿ ಬೀಸುತ್ತಿರಬಾರದು, ಅಷ್ಟೆ. ಕೊರೆದು ಅಲಂಕರಿಸಿದ ಬತ್ತಿಗಳು ಸರಿಯಾಗಿ ಉರಿಯದೆ ಸೋರುತ್ತವೆಂದೂ ಆತನು ಹೇಳಿದನು. ಭಾಷಣಕಾರರು ಇದನ್ನು ಬೇಕಾದರೆ ತಮಗೂ ಅನ್ವಯಿಸಿಕೊಳ್ಳಬಹುದು.

ಇಷ್ಟು ಸಿದ್ಧತೆಯ ಮನುಷ್ಯನಿಗೂ ಒಮ್ಮೆ ಮಾತು ಹೊತ್ತಿಗೆ ಮುಂಚೆಯೇ ಮುಗಿದುಹೋಯಿತು. 1846ರ ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಉಳಿದ ವೇಳೆಯನ್ನು ತುಂಬಲು, ಬೆಳಕು ಎಂಬುದು ಬಲರೇಖೆಗಳ ಕಂಪನವಿರಬಹುದೆಂಬ ತನ್ನ ಊಹೆಯನ್ನು ಹೇಳಿಬಿಟ್ಟನು. ಆ ಊಹೆಯನ್ನೇ ಮುಂದೆ ಮ್ಯಾಕ್ಸ್‌ವೆಲ್ ಮಹಾಶಯನು ಗೌರವದಿಂದ ಸ್ಮರಿಸಿದನು. ಆದರೆ ಅದರ ಹಿಂದೆ ಬಹುಕಾಲದ ಚಿಂತನೆಯಿತ್ತು. ಸಿದ್ಧಪಡಿಸದೆ ಇದ್ದದ್ದು ವಾಕ್ಯಗಳನ್ನು ಮಾತ್ರ.

ವಯಸ್ಸಾದಂತೆ ಆತನ ಜ್ಞಾಪಕಶಕ್ತಿ ಕುಂದಿತು. 1862ರ ಜೂನ್ 20ರಂದು ಅನಿಲದ ಕುಲುಮೆಗಳ ವಿಷಯವಾಗಿ ಮಾತನಾಡಲು ನಿಂತಾಗ ಆತನಿಗೆ ಎಪ್ಪತ್ತು ವರ್ಷ. ಟಿಪ್ಪಣಿಯ ಹಾಳೆಗಳು ಆಕಸ್ಮಿಕವಾಗಿ ಸುಟ್ಟುಹೋದುವು. ಮಾತಿನ ಕೊನೆಯಲ್ಲಿ, ನೆನಪು ತನ್ನನ್ನು ಕೈಬಿಡುತ್ತಿರುವುದರಿಂದ ಇನ್ನು ತಾನು ಹಿಂದೆ ಸರಿಯಬೇಕಾಗಿದೆಯೆಂದು ಸಭಿಕರಿಗೆ ತಾನೇ ತಿಳಿಸಿದನು. ಶುಕ್ರವಾರದ ಸಭೆಯಲ್ಲಿ ಆತನು ಮಾಡಿದ ಕಡೆಯ ಉಪನ್ಯಾಸ ಅದೇ.