ಬೃಹತ್ ರೈಲುಮಾರ್ಗಗಳ ನಿರ್ಮಾಣದಲ್ಲಿ ಮಾಹಿತಿ-ಪ್ರತಿಕೃತಿಯ ಪ್ರಯೋಜನ

ಒಂದು ಕಟ್ಟಡವನ್ನು ಯಾರು ಕಟ್ಟಿಸಿದರು, ಯಾವ ಕಾಲದಲ್ಲಿ ಕಟ್ಟಿಸಿದರು ಎಂಬುದನ್ನು ಶಾಸನಗಳು ನಮಗೆ ತಿಳಿಸುತ್ತವೆ. ಆದರೆ ಅದನ್ನು ಹೇಗೆ ಕಟ್ಟಿದರು, ಗೋಡೆಯ ಒಳಗೆ ಏನಿದೆ, ಅಸ್ತಿಭಾರ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಸುವ ದಾಖಲೆಗಳು ಅತಿ ವಿರಳ. ಈ ಕೊರತೆ ಪ್ರಾಚೀನ ದೇವಾಲಯಗಳಿಗೆ ಮಾತ್ರ ಸೀಮಿತವಾದುದಲ್ಲ. ಹಳೆಯ ಸೇತುವೆ, ಸುರಂಗಗಳನ್ನು ದುರಸ್ತಿ ಮಾಡಹೊರಡುವ ಇಂಜಿನಿಯರುಗಳೂ ಇದನ್ನು ಎದುರಿಸಬೇಕಾಗುತ್ತದೆ. ಇದನ್ನು ನೀಗಿಸಲು ನಮ್ಮ ಕಾಲದಲ್ಲಿ ರೂಢಿಗೆ ಬಂದಿರುವ ಒಂದು ವಿಧಾನವೇ 'ಬಿಲ್ಡಿಂಗ್ ಇನ್‌ಫರ್ಮೇಷನ್ ಮಾಡೆಲಿಂಗ್', ಸಂಕ್ಷೇಪವಾಗಿ 'ಬಿಮ್'. ಪ್ರಸ್ತುತ ಲೇಖನದಲ್ಲಿ ಇದನ್ನು ಮಾಹಿತಿ-ಪ್ರತಿಕೃತಿ ಎಂದು ಕರೆಯಲಾಗಿದೆ.

ಈ ಹೆಸರಿನಲ್ಲಿ 'ಪ್ರತಿಕೃತಿ' ಎಂಬ ಪದಕ್ಕಿಂತಲೂ 'ಮಾಹಿತಿ' ಎಂಬ ಪದವೇ ಮುಖ್ಯವಾದುದು. ಕಾಗದದ ನಕ್ಷೆಯಲ್ಲಿ ಒಂದು ಕಂಬವೆಂದರೆ ಕೆಲವು ರೇಖೆಗಳು ಮಾತ್ರ. ಗಣಕಯಂತ್ರದಲ್ಲಿ ರಚಿಸಿದ ಪ್ರತಿಕೃತಿಯಲ್ಲಾದರೋ ಅದೇ ಕಂಬದ ಉದ್ದ, ಅಗಲ, ಎತ್ತರಗಳೊಡನೆ ಅದರ ಸಾಮಗ್ರಿ, ತಯಾರಕರು, ಸ್ಥಾಪನೆಯಾದ ದಿನ, ಮುಂದೆ ಪರೀಕ್ಷಿಸಬೇಕಾದ ಅವಧಿ ಮೊದಲಾದ ವಿವರಗಳನ್ನೂ ಸೇರಿಸಿಡಬಹುದು. ಸುರಂಗ, ವಿದ್ಯುತ್ತು, ಸಿಗ್ನಲ್ ಮುಂತಾದ ವಿಭಾಗಗಳ ತಜ್ಞರು ತಮ್ಮ ತಮ್ಮ ಭಾಗಗಳನ್ನು ರಚಿಸುತ್ತಾರೆ. ಅವೆಲ್ಲವೂ ಒಂದು ಸಾಮಾನ್ಯ ಭಂಡಾರದಲ್ಲಿ ಕೂಡಿಕೊಳ್ಳುತ್ತವೆ.

ಇದರ ಪ್ರಯೋಜನವನ್ನು ಅರಿಯಲು ಲಂಡನ್ನಿನ 'ಕ್ರಾಸ್‌ರೈಲ್' ಯೋಜನೆ ಉತ್ತಮ ನಿದರ್ಶನ. 2008ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಶಾಸನದ ಮೂಲಕ ಅನುಮೋದನೆ ಪಡೆದು, 2009ರಲ್ಲಿ ಆರಂಭವಾದ ಈ ಕಾರ್ಯದಲ್ಲಿ 42 ಕಿಲೋಮೀಟರುಗಳಷ್ಟು ಹೊಸ ಸುರಂಗವನ್ನು 8 ಯಂತ್ರಗಳು ಕೊರೆದವು. 10 ಹೊಸ ನಿಲ್ದಾಣಗಳು ನಿರ್ಮಾಣವಾದವು. ಮುಖ್ಯ ಗುತ್ತಿಗೆಗಳೇ ಮೂವತ್ತಕ್ಕೂ ಹೆಚ್ಚು. ಇದೇ ಕಾಲದಲ್ಲಿ, ಅಂದರೆ 2011ರಲ್ಲಿ, ಬ್ರಿಟಿಷ್ ಸರ್ಕಾರವು 2016ರ ವೇಳೆಗೆ ತನ್ನ ನಿರ್ಮಾಣ ಕಾರ್ಯಗಳಲ್ಲಿ ಬಿಮ್ ಬಳಕೆಯಾಗತಕ್ಕದ್ದೆಂದು ಘೋಷಿಸಿತು.

ಮೊದಲನೆಯ ಪ್ರಯೋಜನ, ಘರ್ಷಣೆಯನ್ನು ಮುಂಚಿತವಾಗಿ ಕಂಡುಹಿಡಿಯುವುದು. ಲಂಡನ್ನಿನ ನೆಲದೊಳಗೆ ಹಳೆಯ ರೈಲು ಸುರಂಗಗಳು, ಚರಂಡಿಗಳು, ಕಟ್ಟಡಗಳ ಅಸ್ತಿಭಾರಗಳು ಕಿಕ್ಕಿರಿದಿವೆ. ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದ ಬಳಿ ಹೊಸ ಸುರಂಗವು, ರೈಲುಗಳು ಓಡಾಡುತ್ತಿದ್ದ ಹಳೆಯ ಸುರಂಗಕ್ಕೆ ಒಂದು ಮೀಟರಿಗಿಂತಲೂ ಸಮೀಪದಲ್ಲಿ ಹಾದುಹೋಗಬೇಕಾಗಿತ್ತು. ಇಂತಹ ಕಡೆ ಒಬ್ಬರ ನಕ್ಷೆಗೂ ಮತ್ತೊಬ್ಬರ ನಕ್ಷೆಗೂ ಅಲ್ಪ ವ್ಯತ್ಯಾಸವಿದ್ದರೂ ಅನರ್ಥವೇ ಸರಿ. ಎಲ್ಲರೂ ಒಂದೇ ಮೋಜಣಿಯ ಆಧಾರದ ಮೇಲೆ ಅಳೆದು, ಒಂದೇ ಭಂಡಾರದಲ್ಲಿ ದಾಖಲಿಸಿದರೆ, ಕೊಳವೆಯೊಂದು ತೊಲೆಯನ್ನು ಹಾದುಹೋಗುವಂತಹ ದೋಷವು ಗಣಕಯಂತ್ರದಲ್ಲಿಯೇ ಗೋಚರಿಸುತ್ತದೆ. ಅಲ್ಲಿ ಅಳಿಸುವುದು ಸುಲಭ; ಕಾಂಕ್ರೀಟು ಗಟ್ಟಿಯಾದ ಮೇಲೆ ಒಡೆಯುವುದು ಕಷ್ಟ.

ಎರಡನೆಯದು, ಕಾಲಕ್ರಮದ ಅರಿವು. ಪ್ರತಿಯೊಂದು ಭಾಗಕ್ಕೂ ದಿನಾಂಕವನ್ನು ಜೋಡಿಸಿದಾಗ, ಯಾವ ಕೆಲಸದ ಹಿಂದೆ ಯಾವುದು ಬರಬೇಕು, ಇಕ್ಕಟ್ಟಾದ ಸ್ಥಳದಲ್ಲಿ ಎರಡು ತಂಡಗಳು ಏಕಕಾಲದಲ್ಲಿ ಸೇರುವುವೇ ಎಂಬುದನ್ನು ಮೊದಲೇ ಪರೀಕ್ಷಿಸಬಹುದು.

ಮೂರನೆಯದು ದೀರ್ಘಕಾಲದ್ದು, ಇತಿಹಾಸದ ವಿದ್ಯಾರ್ಥಿಗೆ ಇದೇ ಹೆಚ್ಚು ಗಮನಾರ್ಹ. ಕ್ರಾಸ್‌ರೈಲ್ ಮಾರ್ಗವು 1878ರಲ್ಲಿ ನಿರ್ಮಿತವಾದ ಕನಾಟ್ ಸುರಂಗವನ್ನು ಪುನಃ ಬಳಸಿಕೊಂಡಿತು. ಹೊಸ ಸುರಂಗಗಳನ್ನಾದರೂ 120 ವರ್ಷಗಳ ಬಾಳಿಕೆಗೆಂದು ರೂಪಿಸಲಾಗಿದೆ. ಕಟ್ಟಿದವರು ಯಾರೂ ಉಳಿಯದ ಕಾಲದಲ್ಲಿ ಅದನ್ನು ರಕ್ಷಿಸುವವರಿಗೆ ಇಂದಿನ ದಾಖಲೆಯೇ ಆಸರೆ.

ಹಾಗೆಂದು ಈ ವಿಧಾನವನ್ನು ಸರ್ವರೋಗ ಪರಿಹಾರಕವೆಂದು ಭಾವಿಸುವುದು ತಪ್ಪಾದೀತು. 2018ರ ಡಿಸೆಂಬರಿನಲ್ಲಿ ತೆರೆಯಬೇಕಾಗಿದ್ದ ಈ ಮಾರ್ಗವು 'ಎಲಿಜಬೆತ್ ಲೈನ್' ಎಂಬ ಹೆಸರಿನಿಂದ ಪ್ರಯಾಣಿಕರಿಗೆ ತೆರೆದದ್ದು 2022ರ ಮೇ 24ರಂದು. ವೆಚ್ಚವೂ ಅಂದಾಜನ್ನು ಬಹಳವಾಗಿ ಮೀರಿತು. ಸುರಂಗ ಕೊರೆಯುವ ಕೆಲಸ 2015ರಲ್ಲಿಯೇ ಮುಗಿದಿತ್ತು. ತೊಡಕು ಬಂದುದು ನಿಲ್ದಾಣಗಳನ್ನು ಪೂರ್ಣಗೊಳಿಸುವಲ್ಲಿ, ರೈಲು ಮತ್ತು ಸಿಗ್ನಲ್ ವ್ಯವಸ್ಥೆಗಳನ್ನು ಹೊಂದಿಸುವಲ್ಲಿ, ಸಾಧ್ಯವಾಗದ ದಿನಾಂಕವನ್ನು ಬಿಡದೆ ಹಿಡಿದುಕೊಂಡದ್ದರಲ್ಲಿ. ವಸ್ತುಗಳ ಸ್ಥಾನವನ್ನು ಪ್ರತಿಕೃತಿ ತೋರಿಸಬಲ್ಲುದು; ಮನುಷ್ಯರ ತೀರ್ಮಾನವನ್ನು ಅದು ತಿದ್ದಲಾರದು. ಅಸತ್ಯವಾದ ವಿವರವನ್ನು ತುಂಬಿದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಆದ್ದರಿಂದ ಈ ವಿಧಾನದ ನಿಜವಾದ ಬೆಲೆ ಅದರ ಚಿತ್ರಗಳ ಅಂದದಲ್ಲಿಲ್ಲ, ಹಲವರು ಸೇರಿ ಬರೆದು, ಪರಸ್ಪರ ಪರಿಶೀಲಿಸಿ, ಮುಂದಿನವರಿಗೆ ಒಪ್ಪಿಸುವ ಶಿಸ್ತಿನಲ್ಲಿದೆ. ಇನ್ನೊಂದು ಚಿಂತೆಯೂ ಉಂಟು. ಕಲ್ಲಿನ ಶಾಸನವನ್ನು ಸಾವಿರ ವರ್ಷಗಳ ಬಳಿಕವೂ ಬರಿಗಣ್ಣಿನಿಂದ ಓದಬಹುದು. ಗಣಕಯಂತ್ರದ ದಾಖಲೆಯನ್ನು ಓದಲು ತಕ್ಕ ಯಂತ್ರವೂ ತಂತ್ರಾಂಶವೂ ಉಳಿದಿರಬೇಕು. ನಿರ್ಮಾಣದ ದಾಖಲೆಯನ್ನು ಅದನ್ನು ಓದುವ ಸಾಧನದೊಡನೆ ತಲೆಮಾರಿನಿಂದ ತಲೆಮಾರಿಗೆ ಸಾಗಿಸುವ ಹೊಣೆ ಇಂಜಿನಿಯರುಗಳದು ಮಾತ್ರವಲ್ಲ, ದಾಖಲೆಗಳನ್ನು ಕಾಯುವ ನಮ್ಮದೂ ಹೌದು.