ಒಗರಿನ ಜಾಡು ಹಿಡಿದು

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ವಿಜಯಪುರ ಸೀಮೆಯ ತಿಕೋಟಾ ದಾಟಿ, ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದದ್ದೇ ತಡ, ಕಣ್ಣಿಗಿಂತ ಮೊದಲು ಮೂಗು ಎಚ್ಚರಾಯಿತು. ರಾತ್ರಿಯೆಲ್ಲ ಹನಿಹನಿ ನೀರು ಕುಡಿದ ಮಣ್ಣಿನ ವಾಸನೆ, ಅದರ ಮೇಲೆ ತೆಳ್ಳಗೆ ಗಂಧಕದ ಘಾಟು, ಅದಕ್ಕೂ ಮೇಲೆ ಬೆಲ್ಲದ ಪಾಕವನ್ನು ಯಾರೋ ಒಲೆಯ ಮೇಲೆ ಮರೆತುಬಿಟ್ಟಂಥ ಒಂದು ಸಿಹಿ. ಫೆಬ್ರವರಿಯ ಕೊನೆಯ ವಾರ. ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸರು ಟಂಟಂ ಗಾಡಿಯಿಂದ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ಕೈಯಲ್ಲಿ ಪುಟ್ಟ ಕತ್ತರಿ, ಕಂಕುಳಲ್ಲಿ ರೊಟ್ಟಿಯ ಗಂಟು.

“ಬರ್ರಿ, ಒಳಗ ಬರ್ರಿ. ತಲಿ ಬಗ್ಗಿಸಿ ಬರ್ರಿ, ತಂತಿ ಬಡೀತೈತಿ,” ಎಂದರು ತೋಟದ ಯಜಮಾನರು.

ದ್ರಾಕ್ಷಿ ತೋಟಕ್ಕೆ ಇಲ್ಲಿ ಪಡ ಎನ್ನುತ್ತಾರೆ. ಪಡದೊಳಗೆ ಹೆಜ್ಜೆಯಿಟ್ಟರೆ ಬೇರೆಯದೇ ಲೋಕ. ಹೊರಗೆ ಕಣ್ಣು ಹಾಯುವಷ್ಟು ದೂರ ಬೋಳು ನೆಲ, ಒಣಗಿದ ಜೋಳದ ಕೂಳೆ, ಎಲ್ಲೋ ಒಂದು ಬೇವಿನ ಮರ. ಒಳಗೆ ಎಲೆಯ ಮೇಲೆ ಎಲೆ ಹೊದ್ದ ಹಸಿರು ಮಾಳಿಗೆ, ಆ ಮಾಳಿಗೆಯಿಂದ ಎದೆಯ ಮಟ್ಟಕ್ಕೆ ಇಳಿಬಿದ್ದ ಗೊಂಚಲುಗಳು. ಹಣ್ಣಿನ ಮೇಲೆ ಬೂದಿ ಸವರಿದಂಥ ತೆಳು ಬಿಳುಪು. ಬೆರಳು ಸೋಕಿದರೆ ಗುರುತು ಉಳಿಯುತ್ತದೆ, ಹಾಗಾಗಿ ಕೊಯ್ಯುವವರು ಹಣ್ಣನ್ನು ಮುಟ್ಟುವುದೇ ಇಲ್ಲ; ತೊಟ್ಟು ಹಿಡಿದು ಕತ್ತರಿ ಆಡಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಕ್ರೇಟಿಗೆ ಇಳಿಸುತ್ತಾರೆ. ಕಚಕ್, ಕಚಕ್. ಇಪ್ಪತ್ತು ಕತ್ತರಿಗಳ ಸದ್ದು, ನಡುನಡುವೆ ಗೊರವಂಕಗಳ ಜಗಳ, ಯಾರದೋ ಸೊಂಟದಲ್ಲಿ ಸಿಕ್ಕಿಸಿದ ಮೊಬೈಲಿನಿಂದ ಹಳೆಯ ಸಿನಿಮಾ ಹಾಡು.

ನಾನು ತಾಳ್ಯದವನು. ಹೊಳಲ್ಕೆರೆ ತಾಲ್ಲೂಕಿನ ಮೆಕ್ಕೆಜೋಳ, ಅಡಿಕೆ, ಬತ್ತಿದ ಬೋರ್‌ವೆಲ್ಲುಗಳ ಲೆಕ್ಕ ಕೇಳಿ ಬೆಳೆದವನು. ದ್ರಾಕ್ಷಿ ನನಗೆ ಗೊತ್ತಿದ್ದದ್ದು ಸಂತೆಯಲ್ಲಿ ತಳ್ಳುಗಾಡಿಯ ಮೇಲೆ ಮಾತ್ರ. ವೈನ್ ಗೊತ್ತಿದ್ದದ್ದು ಅದಕ್ಕಿಂತಲೂ ಕಡಿಮೆ. ನಮ್ಮ ಕಡೆ ಮತ್ತಿನ ಮಾತೆಂದರೆ ಈಚಲು ಮರದ ಮಾತು, ಅದೂ ಹಿರಿಯರ ಬಾಯಲ್ಲಿ, ದನಿ ತಗ್ಗಿಸಿ. ಹೀಗಿದ್ದವನು ಇಷ್ಟು ದೂರ ಬಂದದ್ದಕ್ಕೆ ಕಾರಣ ಒಂದು ರಸ್ತೆ. ಹೊಳಲ್ಕೆರೆಯ ನಡುವೆ ಹಾದುಹೋಗುವ ಹೆದ್ದಾರಿಗೆ ಮೊದಲು 13 ಎಂಬ ಸಂಖ್ಯೆಯಿತ್ತು. ಮಂಗಳೂರಿನಿಂದ ಶಿವಮೊಗ್ಗ, ಹೊಳಲ್ಕೆರೆ, ಚಿತ್ರದುರ್ಗ, ಹೊಸಪೇಟೆ, ವಿಜಯಪುರ ಹಾದು ಸೊಲ್ಲಾಪುರದವರೆಗೆ ಅದೊಂದೇ ದಾರಿ. ಈಗ ಅದನ್ನು ತುಂಡು ಮಾಡಿ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ, ದಾರಿ ಮಾತ್ರ ಅದೇ. ಚಿಕ್ಕಂದಿನಲ್ಲಿ ಆ ರಸ್ತೆಯಂಚಿಗೆ ನಿಂತು ಲಾರಿಗಳ ಹಿಂದಿನ ಊರ ಹೆಸರು ಓದುತ್ತಿದ್ದೆವು. ಆ ಊರುಗಳು ಇರುವುದು ಹೇಗೆ ಎಂದು ನೋಡುವ ಆಸೆ ತೀರಲು ನಲವತ್ತು ವರ್ಷ ಬೇಕಾಯಿತು.

ದಾರಿಯುದ್ದಕ್ಕೂ ನೆಲ ಬಣ್ಣ ಬದಲಿಸುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಗಿರಣಿಗಳು ಸೋಮಾರಿಗಳಂತೆ ತಿರುಗುತ್ತಿರುತ್ತವೆ. ಕೂಡ್ಲಿಗಿ ಕಳೆದು ಹೊಸಪೇಟೆ ಹತ್ತಿರವಾದಂತೆ ಅದಿರಿನ ಕೆಂಧೂಳು ಬೇಲಿಯ ಎಲೆಗಳಿಗೂ ಮೆತ್ತಿಕೊಂಡಿರುತ್ತದೆ. ಕುಷ್ಟಗಿ ದಾಟಿ ಇಳಕಲ್ಲಿನತ್ತ ಹೊರಳಿದ ಮೇಲೆ ಎರೆ ಭೂಮಿ, ಮಸಾರಿ, ಮತ್ತೆ ಎರೆ. ಕೃಷ್ಣೆಯನ್ನು ದಾಟಿದರೆ ವಿಜಯಪುರ ಸೀಮೆ. ಸುಮಾರು ಮುನ್ನೂರೈವತ್ತು ಕಿಲೋಮೀಟರಿನ ಈ ಹಾದಿಯ ಎರಡೂ ತುದಿಯಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ಒಂದೇ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಬರ ಎಂದರೆ ಏನೆಂದು ಪರಸ್ಪರ ವಿವರಿಸಬೇಕಿಲ್ಲದ ಜನ ನಾವು. ಹಾಗಾಗಿಯೇ ಇರಬೇಕು, ಯಜಮಾನರು ನನ್ನನ್ನು ಮೊದಲು ಕೇಳಿದ್ದು ಊರಲ್ಲ, ನೀರು. “ನಿಮ್ಮ ಕಡೆ ಬೋರು ಎಷ್ಟಕ್ಕ ಹತ್ತತಾವ್ರಿ?” ಎಂಟುನೂರು ಅಡಿ ಕೊರೆಸಿದರೂ ದೂಳೇ ಬಂದ ಕತೆಗಳನ್ನು ಹೇಳಿದೆ. ಅವರು ಟ್ಯಾಂಕರಿನಲ್ಲಿ ನೀರು ತರಿಸಿ ಬಳ್ಳಿ ಉಳಿಸಿಕೊಂಡ ವರ್ಷದ ಕತೆ ಹೇಳಿದರು. ಅಲ್ಲಿಗೆ ಪರಿಚಯ ಮುಗಿಯಿತು.

ಪಡದ ವರ್ಷ ನಮ್ಮ ವರ್ಷದಂತಲ್ಲ. ಯೂರೋಪಿನಲ್ಲಿ ಹಿಮ ಬಿದ್ದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದಂತೆ. ಇಲ್ಲಿನ ಬಿಸಿಲಿನಲ್ಲಿ ಅದಕ್ಕೆ ಮಲಗುವುದೇ ಗೊತ್ತಿಲ್ಲ. ಕತ್ತರಿ ಹಾಕಿಯೇ ಅದಕ್ಕೆ ಕಾಲ ತಿಳಿಸಬೇಕು. “ಏಪ್ರಿಲ್‌ನ್ಯಾಗ ಒಂದ್ ಚಾಟ್ನಿ, ಅಕ್ಟೋಬರ್‌ನ್ಯಾಗ ಒಂದ್ ಚಾಟ್ನಿ. ನಡುವ ಬಳ್ಳಿಗೂ ನಿದ್ದಿ ಇಲ್ಲ, ನಮಗೂ ನಿದ್ದಿ ಇಲ್ಲ.” ಏಪ್ರಿಲ್ ಚಾಟ್ನಿಯಲ್ಲಿ ಬೋಳಾಗಿ ಸವರಿದರೆ ಮುಂದಿನ ಫಸಲನ್ನು ಹೊರುವ ಕಡ್ಡಿಗಳು ಬರುತ್ತವೆ, ಅಕ್ಟೋಬರಿನಲ್ಲಿ ಆ ಕಡ್ಡಿಗಳ ತುದಿ ಕತ್ತರಿಸಿ, ಕಣ್ಣುಗಳಿಗೆ ಔಷಧ ಸವರಿ ಎಬ್ಬಿಸಿದರೆ ಹೂವು. ವರ್ಷಕ್ಕೆ ಎರಡು ಸಲ ಕತ್ತರಿ, ಒಂದೇ ಬೆಳೆ. ಬುಡದಲ್ಲಿ ಕೂತು ತೋರಿಸಿದರು: ನೆಲದಿಂದ ಗೇಣೆತ್ತರದಲ್ಲಿ ಕಾಂಡಕ್ಕೊಂದು ಗಂಟು. ಗಂಟಿನ ಕೆಳಗಿರುವುದು ಡಾಗ್‌ರಿಜ್, ಅಮೆರಿಕದ ಟೆಕ್ಸಾಸ್ ಕಡೆಯ ಕಾಡುಬಳ್ಳಿಯ ಬೇರು, ಉಪ್ಪು ನೀರಿಗೂ ಬರಕ್ಕೂ ಜಗ್ಗದ್ದು. ಮೇಲಿರುವುದು ಥಾಮ್ಸನ್, ಬೀಜವಿಲ್ಲದ ಸಿಹಿ ಹಣ್ಣು. ಬೇರು ಒಂದು ದೇಶದ್ದು, ಹಣ್ಣು ಇನ್ನೊಂದರದ್ದು, ಬೆವರು ತಿಕೋಟಾದ್ದು.

ಹೊತ್ತೇರಿತು. ಕ್ರೇಟುಗಳನ್ನು ಹೊತ್ತ ಟ್ರ್ಯಾಕ್ಟರಿನ ಹಿಂದೆ ನಾವೂ ನಡೆದೆವು. ಆ ಬೆಲ್ಲದ ವಾಸನೆಯ ಮೂಲ ಅಲ್ಲಿತ್ತು. ಹಸಿರು ಬಲೆ ಇಳಿಬಿಟ್ಟ ಉದ್ದನೆಯ ಶೆಡ್ಡು, ಒಳಗೆ ಮಹಡಿಯ ಮೇಲೆ ಮಹಡಿ ಕಟ್ಟಿದಂತೆ ಹತ್ತು ಹನ್ನೆರಡು ಅಂತಸ್ತಿನ ಜಾಲರಿ. ಗೊಂಚಲನ್ನು ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕದಡಿದ ನೀರಿನಲ್ಲಿ ಅದ್ದಿ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಗೊಂಡು ಒಳಗಿನ ನೀರು ಬೇಗ ಹಾರುತ್ತದೆ. ಉಳಿದದ್ದೆಲ್ಲ ಗಾಳಿಯ ಕೆಲಸ. ಈ ಸೀಮೆಯ ಒಣ ಗಾಳಿಯನ್ನು ನಾನು ಬೆಳಗಿನಿಂದ ಶಪಿಸುತ್ತಿದ್ದೆ, ತುಟಿ ಒಡೆದಿತ್ತು. ಶೆಡ್ಡಿನೊಳಗೆ ನಿಂತ ಮೇಲೆ ಅದೇ ಇವರ ದೊಡ್ಡ ಆಸ್ತಿ ಎಂದು ತಿಳಿಯಿತು. ಎರಡು ವಾರ ಕಳೆದರೆ ಒಣದ್ರಾಕ್ಷಿ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಆ ಎರಡು ವಾರದೊಳಗೆ ಅಕಾಲದ ಒಂದು ಮಳೆ ಬಂತೋ, ಹೊಂಬಣ್ಣದ ಹಣ್ಣು ಕಪ್ಪಾಗಿ ದರ ಪಾತಾಳಕ್ಕೆ. ಯಜಮಾನರು ಮಾತಾಡುತ್ತ ಆಡುತ್ತಲೇ ಬಲೆಯ ಸಂದಿನಿಂದ ಆಕಾಶ ನೋಡುತ್ತಿದ್ದರು. ಮೋಡವೇನೂ ಇರಲಿಲ್ಲ. ಆದರೂ ನೋಡುತ್ತಿದ್ದರು.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಊಟ. ಕಟಕಟ ಮುರಿಯುವ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಗಟ್ಟಿ ಮೊಸರು. ಇನ್ನೂ ನಾಲ್ಕು ತಿನ್ನಿ ಎಂದು ಬಡಿಸಿದ ತಾಯಿಗೆ ಬೇಡವೆನ್ನುವುದು ಹೇಗೆಂದು ತಿಳಿಯದೆ ತಿಂದೆ. ಆಗಲೇ ವೈನಿನ ಮಾತು ಎತ್ತಿದ್ದು. ಯಜಮಾನರು ನಕ್ಕು, ಬಾವಿಯ ಪಕ್ಕದ ಬೇಲಿಗೆ ಆತುಕೊಂಡಿದ್ದ ನಾಲ್ಕಾರು ಬಳ್ಳಿ ತೋರಿಸಿದರು. ಕರಿನೀಲಿ ಹಣ್ಣು, ಕಡಲೆಕಾಳಿಗಿಂತ ಸ್ವಲ್ಪವೇ ದೊಡ್ಡದು. “ಶಿರಾಜ್ ಅಂತಾರ್ರಿ. ಎರಡ್ ಎಕರೆ ಹಚ್ಚಿದ್ದೆ. ಕೊಳ್ತೀವಿ ಅಂದವ್ರು ಕೊಳ್ಳಲಿಲ್ಲ. ಕಿತ್ತು ಥಾಮ್ಸನ್ ಹಚ್ಚಿದೆ.”

ಅದು 2007ರ ನಂತರದ ಉತ್ಸಾಹದ ಕಾಲ. ರಾಜ್ಯ ಸರ್ಕಾರ ಆ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು; ನಕಾಶೆಯ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂಬ ಹೆಸರುಗಳು ಮೂಡಿದವು. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ, ಗ್ರೋವರ್ ಕುಟುಂಬ 1988ರ ಹೊತ್ತಿಗೇ ಫ್ರಾನ್ಸಿನ ತಳಿಗಳನ್ನು ಊರಿ ಹೆಸರು ಮಾಡಿತ್ತು. ಕೃಷ್ಣಾ ಕಣಿವೆಯ ಹೆಸರು ಮಾತ್ರ ಕಾಗದ ಬಿಟ್ಟು ಜನರ ನಾಲಿಗೆಗೆ ಅಷ್ಟಾಗಿ ಇಳಿಯಲಿಲ್ಲ. ಇಲ್ಲಿನ ಹಣ್ಣು ಹೋಗುವುದು ಪೆಟ್ಟಿಗೆಗೆ, ಇಲ್ಲವೇ ಶೆಡ್ಡಿಗೆ. ವೈನ್ ಎಂದರೆ ದೇಶಕ್ಕೆಲ್ಲ ನೆನಪಾಗುವುದು ನಾಸಿಕ್.

ಆ ಪುಟ್ಟ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡೆ. ತೊಗಲು ದಪ್ಪ, ಒಳಗೆ ಬೀಜವೇ ಬೀಜ. ತಿನ್ನುವ ಹಣ್ಣಿಗೆ ಗಾತ್ರ ಬೇಕು, ನೀರು ತುಂಬಬೇಕು, ಅದಕ್ಕಾಗಿ ಗೊಂಚಲನ್ನು ಹಾರ್ಮೋನಿನ ದ್ರಾವಣದಲ್ಲಿ ಅದ್ದುತ್ತಾರೆ. ವೈನಿನ ಹಣ್ಣಿಗೆ ಇದೇ ದೋಷ. ಅದು ಸಣ್ಣದಿರಬೇಕು, ಬಳ್ಳಿ ಸ್ವಲ್ಪ ಹಸಿದಿರಬೇಕು. ಕೆಂಪು ವೈನಿನ ಬಣ್ಣ ಬರುವುದು ತೊಗಲಿನಿಂದ, ರಸದಿಂದಲ್ಲ. ಹಸಿವಿನಲ್ಲಿ ಬೆಳೆದದ್ದೇ ರುಚಿ ಎಂಬ ಈ ಲೆಕ್ಕ ಕೇಳಿ ನನ್ನೊಳಗಿನ ಬಯಲುಸೀಮೆಯವನಿಗೆ ಸುಳ್ಳೇ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮರಳುವ ದಾರಿಯಲ್ಲಿ, ಸಂಜೆ, ಕೊಪ್ಪಳ ಸೀಮೆಯ ಬಂಡೆಗುಡ್ಡಗಳು ಕಾಣತೊಡಗಿದವು. ಯಾರೋ ಆಟಕ್ಕೆಂದು ಒಟ್ಟಿ ಮರೆತುಹೋದಂಥ ಕಲ್ಲುಗಳು, ಅವುಗಳ ಸಂದಿನಲ್ಲಿ ಇಳಿಬಿಸಿಲು. ಹಗಲೆಲ್ಲ ಕಾದ ಬಂಡೆ ರಾತ್ರಿ ನಿಧಾನವಾಗಿ ಉಸಿರು ಬಿಡುವ ಜಾಗ ಇದು. ಹಂಪಿಯ ಈ ಗುಡ್ಡಗಳ ಹೆಸರನ್ನೇ ಬಾಟಲಿಯ ಮೇಲೆ ಹೊತ್ತ ಒಂದು ವೈನ್ ಮನೆ ಇಲ್ಲಿದೆ: ಕ್ರಿಸ್ಮಾ. ಕಟ್ಟಿದ ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿಯ ಹೆಸರುಗಳು ಬೆಸೆದು ಆದದ್ದು. ಅವರು ಬೆಳೆಸಿದ ತಳಿಗಳಲ್ಲಿ ಒಂದು ಇಟಲಿಯದು, ಸಾಂಜೊವೇಜೆ. ಜೋವನ, ಅಂದರೆ ರೋಮಿನವರ ಗುಡುಗು ದೇವರ ನೆತ್ತರು ಎಂದು ಆ ಹೆಸರಿನ ಅರ್ಥ ಹೇಳುತ್ತಾರೆ.

ಅದರ ತವರೆಂದು ಎಲ್ಲರೂ ಕೊಂಡಾಡುವುದು ಟಸ್ಕನಿಯನ್ನು. ಟಸ್ಕನಿಯ ಗುಡ್ಡಗಳ ಬೆನ್ನಿಗೇ, ಆಡ್ರಿಯಾಟಿಕ್ ಸಮುದ್ರದ ಕಡೆಗೆ ಇಳಿದ ಇಳಿಜಾರಿನಲ್ಲಿ ರೊಮಾನ್ಯ ಎಂಬ ಸೀಮೆಯಿದೆ. ಅಲ್ಲಿಯೂ ಇದೇ ಬಳ್ಳಿ; ಆ ಹೆಸರು ಇಟ್ಟವರು ತಮ್ಮ ಕಡೆಯ ಸನ್ಯಾಸಿಗಳೇ ಎಂದು ಅಲ್ಲಿನವರ ವಾದ. ಟಸ್ಕನಿಗೆ ಪ್ರವಾಸಿಗರು ಮುಗಿಬೀಳುತ್ತಾರೆ, ರೊಮಾನ್ಯವನ್ನು ಹಾದುಹೋಗುತ್ತಾರೆ. ನಾಸಿಕ್ ಮತ್ತು ನಮ್ಮ ಕೃಷ್ಣೆ-ತುಂಗಭದ್ರೆಯ ದಂಡೆಯ ಕತೆಯೂ ಇದೇ ಅಲ್ಲವೇ ಎನ್ನಿಸಿತು. ಆ ಸೀಮೆಯ ಊಟ ಏನು ಗೊತ್ತೇ? ಪಿಯಾದೀನ. ಗೋಧಿ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಸುಟ್ಟ ರೊಟ್ಟಿ. ಒಂದು ಕಾಲಕ್ಕೆ ಬಡವರ ತಿನಿಸು. 2014ರಲ್ಲಿ ಯೂರೋಪಿನ ಒಕ್ಕೂಟ ಅದಕ್ಕೆ ಆ ಸೀಮೆಯದೇ ಎಂಬ ಗುರುತಿನ ಮುದ್ರೆ ಒತ್ತಿತು. ತಿಕೋಟಾದ ತಾಯಿ ಅಲ್ಲಿದ್ದಿದ್ದರೆ, ಇದೇನ್ ರೊಟ್ಟಿ, ಮೆತ್ತಗ ಐತಿ, ಎಂದು ಮೂಗು ಮುರಿಯುತ್ತಿದ್ದರೇನೋ.

ಈ ಕಲ್ಲುಗಳ ನಡುವೆ ದ್ರಾಕ್ಷಿ ಹೊಸದೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯ ದರವನ್ನೂ ಬರೆದಿಟ್ಟ: ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಅದೇ ಒಂದು ಹಣಕ್ಕೆ ಹತ್ತು ದಾಳಿಂಬೆ. ಅರಮನೆಯ ವೈಭವಕ್ಕಿಂತ ಈ ಒಂದು ಸಾಲು ನನಗೆ ಹತ್ತಿರವಾದದ್ದು. ದರ ಕೇಳದೆ ಮುಂದೆ ಹೋಗದವನ ಮಾತನ್ನು ನಂಬಬಹುದು.

ರಾತ್ರಿ ಹೊಸಪೇಟೆಯಲ್ಲಿ ಗೆಳೆಯನ ಮನೆ. ಅವನು ಆ ಸಾಂಜೊವೇಜೆ ಬಾಟಲಿ ತೆರೆದ. ನನಗೆ ಲೋಟ ಹಿಡಿಯುವುದೂ ಬರದು; ಕಾಫಿ ಲೋಟದಂತೆ ಹಿಡಿದೆ. ಮೂಗಿಗೆ ಮೊದಲು ಬಂದದ್ದು ಮಾಗಿದ ನೇರಳೆ, ಆಮೇಲೆ ಮೊದಲ ಮಳೆಗೆ ನೆನೆದ ಕೆಮ್ಮಣ್ಣು. ನಾಲಿಗೆಯ ಮೇಲೆ ಕವಳೆಕಾಯಿಯಂಥ ಹುಳಿ. ನುಂಗಿದ ಮೇಲೆ ಒಸಡು, ಕೆನ್ನೆಯ ಒಳಗೋಡೆ ಎಲ್ಲ ಜುಮ್ಮೆಂದು ಹಿಡಿದುಕೊಂಡಿತು. ಆ ಹಿಡಿತ ಎಲ್ಲೋ ಕಂಡದ್ದು, ಬಹಳ ಹಳೆಯ ಪರಿಚಯ, ಹೆಸರು ಮಾತ್ರ ಬಾಯಿಗೆ ಬರಲೊಲ್ಲದು. ಗೆಳೆಯ “ಅದು ಟ್ಯಾನಿನ್. ತೊಗಲು, ಬೀಜದಿಂದ ಬರೋದು,” ಎಂದ. ಹೌದು, ಆದರೆ ಹೆಸರು ಅದಲ್ಲ.

ಉಳಿದ ಕಾಲು ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಎರಡು ಕಿಲೋ ಒಣದ್ರಾಕ್ಷಿಯ ಜೊತೆ ತಾಳ್ಯಕ್ಕೆ ತಂದೆ. ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದರು, ಹಣೆಯ ತುಂಬ ವಿಭೂತಿ. ಹರೆಯದಲ್ಲಿ ಅಡಿಕೆ ಖೇಣಿ ಹಿಡಿದು ಚನ್ನಗಿರಿಯ ತನಕ ಓಡಾಡಿದವರು. ಸುಗ್ಗಿಯಲ್ಲಿ ಹಂಡೆಯ ಮುಂದೆ ರಾತ್ರಿ ಕಳೆದವರು. ಹೆಂಡದ ನೆರಳೂ ಆಗದು ಅವರಿಗೆ. “ಏನೋ ಅದು ಬಾಟ್ಲಿ?” ಎಂದರು. ದ್ರಾಕ್ಷಿ ರಸ ಎಂದೆ, ಅರ್ಧ ಸತ್ಯ. ಮುಚ್ಚಳ ತೆಗೆಸಿ ಮೂಸಿದರು. ಮತ್ತೊಮ್ಮೆ ಮೂಸಿದರು. ಬಿರಡೆಯ ತುದಿಗೆ ಕಟ್ಟಿದ್ದ ಕೆಂಪನ್ನು ಬೆರಳಿಗೆ ತಾಗಿಸಿಕೊಂಡು, ಸುತ್ತ ಯಾರೂ ಇಲ್ಲದ್ದು ನೋಡಿ, ನಾಲಿಗೆಯ ತುದಿಗಿಟ್ಟರು.

“ಚೊಗರು ಕಣೋ ಇದು,” ಎಂದರು.

ನಿಜ. ಸುಲಿದ ಹಸಿ ಅಡಿಕೆ ಕುದಿದು ಕುದಿದು ಹಂಡೆಯ ತಳದಲ್ಲಿ ಉಳಿಯುವ ಆ ಕಡುಗೆಂಪು ಬಗ್ಗಡ. ಮುಂದಿನ ಬೇಯಿಕೆಗೆ ಬಣ್ಣ ಕಟ್ಟಲೆಂದು ಎತ್ತಿಡುವುದು. ಚಿಕ್ಕವನಿದ್ದಾಗ ಬೆಲ್ಲದ ಪಾಕವೆಂದು ನೆಕ್ಕಿ ಸಂಜೆಯವರೆಗೆ ಬಾಯಿ ಒಗರು ಹಿಡಿಸಿಕೊಂಡದ್ದು. ಅಡಿಕೆಯ ಒಗರಿಗೂ ಟ್ಯಾನಿನ್ನೇ ಕಾರಣ.

“ಎಷ್ಟು ಕೊಟ್ಟೆ ಇದಕ್ಕೆ?” ಎಂದು ಕೇಳಿದರು ದೊಡ್ಡಪ್ಪ. ಬೆಲೆ ಹೇಳುವ ಧೈರ್ಯವಾಗಲಿಲ್ಲ. ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಅವರು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ, ಆ ಕಾಲದಲ್ಲಿ ಒಂದು ಹಂಡೆ ಚೊಗರಿಗೆ ಏನು ದರ ಇತ್ತೆಂದು ನೆನಪು ಮಾಡಿಕೊಳ್ಳತೊಡಗಿದರು.